ಶಾಸನ ನೋಡಲು ಹೊರಟವರ ಚೀಲ: ಏನಿರಬೇಕು, ಏನಿರಬಾರದು

ಗೌರಿಬಿದನೂರು ತಾಲೂಕಿನ ಒಂದು ಕೆರೆ ಏರಿಯ ಪಕ್ಕ, ಹುಣಸೆಮರದ ಕೆಳಗೆ ಒಂದು ದಾನಶಾಸನ ನಿಂತಿದೆ. ಊರಿನ ಹೆಸರು ಹಾಕುತ್ತಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಸುಮಾರು ಹತ್ತು ವರ್ಷದ ಹಿಂದೆ ನಾನು ಅದನ್ನು ಮೊದಲ ಸಲ ನೋಡಿದಾಗ ನನ್ನ ಚೀಲದಲ್ಲಿ ಇದ್ದದ್ದು ಒಂದು ಲೀಟರ್ ನೀರು, ಒಂದು ಕ್ಯಾಮೆರಾ, ಒಂದು ಡಬ್ಬಿ ಸೀಮೆಸುಣ್ಣ. ಕಲ್ಲಿನ ಮುಖ ಉತ್ತರಕ್ಕೆ, ಮೇಲೆ ಮರದ ನೆರಳು. ಅಕ್ಷರ ಸರಿಯಾಗಿ ಕಾಣಿಸುತ್ತಿರಲಿಲ್ಲ. ಕಂಡಷ್ಟು ಗೀರುಗಳ ಮೇಲೆ ಸೀಮೆಸುಣ್ಣ ಎಳೆದೆ, ಫೋಟೊ ತೆಗೆದೆ, ಮನೆಗೆ ಬಂದು ಓದಿದೆ. ಶಕವರ್ಷ ೧೪೪೯, ತಾರಣ ಸಂವತ್ಸರ. ಎರಡಕ್ಕೂ ತಾಳೆ ಬರಲಿಲ್ಲ. ಶಕ 1449ಕ್ಕೆ ಬರಬೇಕಾದದ್ದು ಸರ್ವಜಿತ್ ಸಂವತ್ಸರ. 'ಕಂಡರಿಸಿದವನ ತಪ್ಪಿರಬೇಕು' ಅಂತ ಒಂದು ಷರಾ ಬರೆದು ಮುಗಿಸಿಬಿಟ್ಟೆ.

ತಪ್ಪು ಆ ಸೀಮೆಸುಣ್ಣದ್ದು ಅಂತ ಗೊತ್ತಾಗುವುದಕ್ಕೆ ವರ್ಷಗಳೇ ಬೇಕಾದವು.

ಶಾಸನ ನೋಡಲು ಹೊಸದಾಗಿ ಹೊರಡುವವರು ಸಾಮಾನ್ಯವಾಗಿ ಕೇಳುವುದು 'ಲಿಪಿ ಕಲಿಯೋದು ಹೇಗೆ' ಅಂತ. ಅದಕ್ಕೆ ಪುಸ್ತಕಗಳಿವೆ, ತರಗತಿಗಳಿವೆ. ಚೀಲದಲ್ಲಿ ಏನು ಇಟ್ಟುಕೊಂಡು ಹೋಗಬೇಕು ಅಂತ ಕೇಳುವವರು ಕಡಿಮೆ. ಆದರೆ ನಾವು ಏನು ಓದುತ್ತೇವೆ ಅನ್ನುವುದು ಎಷ್ಟೋ ಸಲ ಆ ಚೀಲದಿಂದಲೇ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ ಈ ಬರಹ. ಇದರಲ್ಲಿರುವುದು ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಬೆಟ್ಟ, ಹೊಲ, ಕೆರೆಯಂಗಳಗಳಲ್ಲಿ ನಡೆದು ಕಲಿತ ಪಟ್ಟಿ. ಒಂದು ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆದು, ಎರಡು ಮೂರು ಕಲ್ಲು ನೋಡಿ, ಕತ್ತಲಾಗುವ ಮೊದಲು ಊರು ಸೇರುವ ಲೆಕ್ಕದಲ್ಲಿ ಬರೆದಿದ್ದೇನೆ.

ಹೊರಡುವ ಮುಂಚೆ: ನಾಲ್ಕು ಹಾಳೆ

ಚೀಲಕ್ಕೆ ಮೊದಲು ಹೋಗಬೇಕಾದ್ದು ಕಾಗದ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು, ಪ್ರಕಟವಾದದ್ದು 1905ರಲ್ಲಿ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಈ ಸೀಮೆಯ ಶಾಸನಗಳನ್ನೆಲ್ಲ ಆ ಕೋಲಾರ ಸಂಪುಟದಲ್ಲೇ ಹುಡುಕಬೇಕು. ತಾಲೂಕುವಾರು ಕ್ರಮಸಂಖ್ಯೆ ಇದೆ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಸಿಗುತ್ತವೆ. ಕಲ್ಲು ಎಲ್ಲಿದೆ ಅನ್ನುವುದಕ್ಕೆ ಒಂದು ಸಾಲಿನ ಗುರುತೂ ಇರುತ್ತದೆ: ಗುಡಿಯ ಮುಂದೆ, ಕೆರೆ ತೂಬಿನ ಹತ್ತಿರ, ಇಂಥ ಹೊಲದಲ್ಲಿ, ಹೀಗೆ.

ಆ ಗುರುತಿಗೆ ನೂರಿಪ್ಪತ್ತು ವರ್ಷ ವಯಸ್ಸಾಗಿದೆ ಅನ್ನುವುದನ್ನು ಮರೆಯಬಾರದು. ಹೊಲ ಕೈಬದಲಾಗಿರುತ್ತದೆ, ಗುಡಿಯನ್ನು ಕೆಡವಿ ಹೊಸದು ಕಟ್ಟಿರುತ್ತಾರೆ, ಊರಿನ ಹೆಸರಿನ ಕಾಗುಣಿತ ಬೇರೆಯಾಗಿರುತ್ತದೆ, ತಾಲೂಕೇ ಬದಲಾಗಿರುತ್ತದೆ. ಗೌರಿಬಿದನೂರಿಗೆ ಸೇರಿದ್ದ ಮಂಚೇನಹಳ್ಳಿ ಈಗ ಪ್ರತ್ಯೇಕ ತಾಲೂಕು. ಆದ್ದರಿಂದ ನೋಡಬೇಕಾದ ಊರಿನ ಪುಟಗಳನ್ನೂ, ಅದರ ಅಕ್ಕಪಕ್ಕದ ಎರಡು ಊರಿನ ಪುಟಗಳನ್ನೂ ಪ್ರಿಂಟ್ ತೆಗೆದುಕೊಳ್ಳಿ. ಫೋನಿನಲ್ಲಿ ಪಿಡಿಎಫ್ ಇದ್ದರೆ ಸಾಲದು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಮೇಲಾಗಿ ಕಾಗದದ ಇನ್ನೊಂದು ಉಪಯೋಗ ಊರಿನವರ ಮಾತು ಬಂದಾಗ ಗೊತ್ತಾಗುತ್ತದೆ.

ತೀರಾ ಹೊಸಬರಾದರೆ ಕಾಡುಮೇಡಿಗೆ ಹೋಗುವ ಮುಂಚೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಆ ದೇವಸ್ಥಾನಕ್ಕೆ ಸಂಬಂಧಿಸಿದ ಶಾಸನಗಳು 9ನೇ ಶತಮಾನದ ಆರಂಭದಿಂದ ಶುರುವಾಗುತ್ತವೆ. ಅಲ್ಲಿ ಬೆಟ್ಟ ಹತ್ತುವುದಿಲ್ಲ, ಹಾವಿನ ಭಯವಿಲ್ಲ, ನೆರಳಿದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾದ್ದರಿಂದ ಕಲ್ಲು ಮುಟ್ಟದೆ ಕಣ್ಣಿನಿಂದಲೇ ಓದುವ ಶಿಸ್ತೂ ಬರುತ್ತದೆ.

ಮೈಗೆ ಬೇಕಾದ್ದು

ಇದು ಮಳೆ ಕಡಿಮೆ ಇರುವ ಸೀಮೆ. ಉತ್ತರ ಪಿನಾಕಿನಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹರಿದು ಹೋಗುತ್ತದೆ ಅಂತ ಭೂಗೋಳದಲ್ಲಿ ಓದಿರುತ್ತೇವೆ. ವರ್ಷದ ಹೆಚ್ಚು ಕಾಲ ಅಲ್ಲಿ ಕಾಣುವುದು ಮರಳು, ಜಾಲಿ. ದಾರಿಯಲ್ಲಿ ನೀರು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಒಬ್ಬರಿಗೆ ಮೂರು ಲೀಟರ್ ನೀರು, ಜೊತೆಗೆ ಎರಡು ಪೊಟ್ಟಣ ಓಆರ್‌ಎಸ್. ಮೂರು ಲೀಟರ್ ಅಂದರೆ ಮೂರು ಕಿಲೊ. ಬೇರೆಲ್ಲ ಸಾಮಾನು ಹಗುರವಾಗಿರಬೇಕು ಅನ್ನುವುದಕ್ಕೆ ಇದೇ ಕಾರಣ. ನನ್ನ ಚೀಲ 25 ಲೀಟರಿನದು. ನೀರು ಸೇರಿ ಆರೂವರೆ ಕಿಲೊ ದಾಟದಂತೆ ನೋಡಿಕೊಳ್ಳುತ್ತೇನೆ.

ಕಾಲಿಗೆ ಹರಡು ಮುಚ್ಚುವ ಶೂ. ಇಲ್ಲಿನ ಬೋಳುಬಂಡೆಗಳ ಮೇಲೆ ಒಣಗಿದಾಗ ಯಾವ ಶೂ ಆದರೂ ನಿಲ್ಲುತ್ತದೆ. ಬೆಳಗಿನ ಇಬ್ಬನಿಯಲ್ಲಿ, ಸೋನೆಮಳೆಯಲ್ಲಿ ಅದೇ ಬಂಡೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಅಟ್ಟೆ ಸವೆದ ಶೂ ಮನೆಯಲ್ಲೇ ಇರಲಿ. ಪ್ಯಾಂಟು ಉದ್ದದ್ದು, ತೋಳು ಉದ್ದದ ಹತ್ತಿ ಅಂಗಿ. ಕಲ್ಲು ನಿಂತಿರುವ ಜಾಗ ಹೆಚ್ಚಾಗಿ ಲಂಟಾನದ ಪೊದೆಯ ಒಳಗೆ, ಮುಳ್ಳು ಅರ್ಧ ಗಂಟೆಯಲ್ಲಿ ಮೊಣಕೈ ಗೀರಿ ಹಾಕುತ್ತದೆ.

ಕೈಯಲ್ಲಿ ಒಂದು ಉದ್ದನೆಯ ಕೋಲು. ಪೊದೆಯೊಳಗೆ ಕೈ ಹಾಕುವ ಮುಂಚೆ, ಒರಗಿ ನಿಂತ ಕಲ್ಲಿನ ಹಿಂದೆ ಹೋಗುವ ಮುಂಚೆ ಕೋಲಿನಿಂದ ನೆಲ ತಟ್ಟಬೇಕು. ನಾಗರ, ಕೊಳಕುಮಂಡಲ ಎರಡೂ ಈ ಕಡೆ ಇವೆ. ವೀರಗಲ್ಲಿನ ಬುಡದ ತಂಪು ಅವಕ್ಕೂ ಇಷ್ಟ. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಇಟ್ಟು, 108ಕ್ಕೆ ಫೋನ್ ಮಾಡಿ, ಆದಷ್ಟು ಬೇಗ ಪ್ರತಿವಿಷ ಇರುವ ಆಸ್ಪತ್ರೆ ಸೇರಬೇಕು. ಈ ಕಾರಣಕ್ಕೇ ಒಬ್ಬರೇ ಹೋಗಬಾರದು, ಮತ್ತು ಹೋಗುವ ಊರಿನಲ್ಲಿ ಒಬ್ಬರಿಗಾದರೂ ಹೇಳಿರಬೇಕು.

ಬಂಡೆಗಳ ಚಾಚಿನಲ್ಲಿ, ಹಳೇ ಗೋಪುರದಲ್ಲಿ ಹೆಜ್ಜೇನು ಇದೆಯಾ ಅಂತ ದೂರದಿಂದಲೇ ತಲೆ ಎತ್ತಿ ನೋಡಿ. ಇದ್ದರೆ ಸೆಂಟು, ಹೊಗೆ, ಗದ್ದಲ ಬೇಡ. ಆ ಕಲ್ಲು ಇನ್ನೊಂದು ದಿನ ನೋಡಿದರಾಯಿತು. ಬೆಟ್ಟದ ಮೇಲಿನ ಜಾಗ ಮೀಸಲು ಅರಣ್ಯದೊಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಊಟಕ್ಕೆ ಕೆಡದ ಬುತ್ತಿ. ಹುರಿದ ಕಡಲೆಕಾಯಿ, ಬೆಲ್ಲ, ಸೌತೆಕಾಯಿ, ಒಂದು ಡಬ್ಬಿ ಚಿತ್ರಾನ್ನ ನನಗೆ ಸಾಕು. ಬೆಂಗಳೂರು–ಗುಂತಕಲ್ಲು ರೈಲು ಮಾರ್ಗದಲ್ಲಿ ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ವಿದುರಾಶ್ವತ್ಥ ಸಾಲಾಗಿ ಬರುತ್ತವೆ. ಬೆಳಗಿನ ರೈಲು ಹಿಡಿದರೆ ಕಾರು ಇಲ್ಲದೆಯೂ ಒಂದು ದಿನದಲ್ಲಿ ಹೋಗಿ ಬರಬಹುದು.

ಕಲ್ಲಿನ ಮುಂದೆ: ಬೆಳಕು

ಇನ್ನು ನಿಜವಾದ ವಿಷಯಕ್ಕೆ ಬರೋಣ. ಹೊಯ್ಸಳ ಸೀಮೆಯ ಬಳಪದ ಕಲ್ಲಿನ ಶಾಸನ ನೋಡಿದವರಿಗೆ ನಮ್ಮ ಕಡೆಯ ಕಲ್ಲು ನಿರಾಸೆ ಮಾಡುತ್ತದೆ. ಅಲ್ಲಿ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಇರುತ್ತವೆ. ಇಲ್ಲಿರುವುದು ಗ್ರಾನೈಟ್, ನೈಸ್. ಹರಳು ದಪ್ಪ, ಉಳಿ ಏಟಿಗೆ ಚಕ್ಕೆ ಏಳುತ್ತದೆ, ಅಕ್ಷರ ಆಳ ಇಳಿಯುವುದಿಲ್ಲ. ಮಳೆ ಗಾಳಿಗೆ ಹರಳು ಉದುರಿ ಬಿದ್ದ ಗುಳಿಯೂ ಉಳಿಯ ಗುಳಿಯೂ ಒಂದೇ ತರಹ ಕಾಣುತ್ತವೆ. ಎದುರಿಗೆ ನಿಂತು ನೇರ ಬೆಳಕಿನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಬೇಕಾದ್ದು ಓರೆ ಬೆಳಕು.

ಎಷ್ಟು ಓರೆ? ಸರಳ ಲೆಕ್ಕ ಇದೆ. ಗೀರಿನ ಅಂಚು ಚೆಲ್ಲುವ ನೆರಳಿನ ಉದ್ದ ಅಂದರೆ ಗೀರಿನ ಆಳವನ್ನು ಬೆಳಕಿನ ಕೋನದ ಟ್ಯಾನ್ ಬೆಲೆಯಿಂದ ಭಾಗಿಸಿದಷ್ಟು. ಗೀರು 1 ಮಿಲಿಮೀಟರ್ ಆಳ ಇದೆ ಅಂದುಕೊಳ್ಳಿ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿಯಲ್ಲಿ ಬಿದ್ದರೆ ನೆರಳು 1 ಮಿ.ಮೀ., 15 ಡಿಗ್ರಿಯಲ್ಲಿ 3.7 ಮಿ.ಮೀ., 10 ಡಿಗ್ರಿಯಲ್ಲಿ 5.7 ಮಿ.ಮೀ., 5 ಡಿಗ್ರಿಯಲ್ಲಿ 11 ಮಿ.ಮೀ.ಗಿಂತ ಹೆಚ್ಚು. ಗೀರಿನ ಅಗಲ ನಾಲ್ಕೈದು ಮಿ.ಮೀ. ಇದ್ದರೆ 10ರಿಂದ 15 ಡಿಗ್ರಿಯಲ್ಲಿ ಇಡೀ ಗೀರು ಕಪ್ಪಾಗಿ ತುಂಬಿಕೊಳ್ಳುತ್ತದೆ, ಅಕ್ಷರ ಎದ್ದು ಕಾಣುತ್ತದೆ. 5 ಡಿಗ್ರಿಗೆ ಇಳಿದರೆ ಕಲ್ಲಿನ ಒರಟುತನವೂ ನೆರಳು ಚೆಲ್ಲಿ ಎಲ್ಲ ಕಲಸಿಹೋಗುತ್ತದೆ.

ಇನ್ನೊಂದು ಮಾತು. ಬೆಳಕು ಬರುವ ದಿಕ್ಕಿಗೇ ಗೀರು ಎಳೆದಿದ್ದರೆ ಅದಕ್ಕೆ ನೆರಳೇ ಬೀಳುವುದಿಲ್ಲ, ಅದು ಇಲ್ಲವೇ ಇಲ್ಲ ಅನ್ನಿಸುತ್ತದೆ. ಆದ್ದರಿಂದ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಹಾಯಿಸಿ ನೋಡಬೇಕು. ಒಂದೇ ಬೆಳಕಿನಲ್ಲಿ ತೆಗೆದ ಒಂದೇ ಫೋಟೊ ನೋಡಿ ಅಂಕಿ ಓದುವುದು ಅಪಾಯ.

ಸೂರ್ಯನನ್ನು ನಂಬಿದರೆ ದಿಕ್ಸೂಚಿ ಬೇಕು, ಫೋನಿನಲ್ಲಿರುವುದೇ ಸಾಕು. 'ಬೆಳಗಿನ ಬಿಸಿಲು ಒಳ್ಳೆಯದು' ಅನ್ನುವುದು ನೆಲದ ಮೇಲೆ ಮಲಗಿದ ಬಂಡೆ ಶಾಸನಕ್ಕೆ ಮಾತ್ರ ಸರಿ. ನೆಟ್ಟಗೆ ನಿಂತ, ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ಎದುರಿಗೇ ಬಡಿಯುತ್ತದೆ, ಅಕ್ಷರ ಅಳಿಸಿದ ಹಾಗೆ ಆಗುತ್ತದೆ. ಚಳಿಗಾಲದಲ್ಲಿ ಅದನ್ನು ಓದಬೇಕಾದ್ದು 11ರಿಂದ 11.30ರ ಸುಮಾರಿಗೆ, ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುವಾಗ. ಪಶ್ಚಿಮದ ಮುಖಕ್ಕೆ ಮಧ್ಯಾಹ್ನ 1ರಿಂದ 1.30. ದಕ್ಷಿಣದ ಮುಖಕ್ಕೆ ಬೆಳಗ್ಗೆ ಮತ್ತು ಸಂಜೆ.

ಉತ್ತರದ ಮುಖದ್ದೇ ಕಷ್ಟ. ಗೌರಿಬಿದನೂರು ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಲ್ಲಿ ನೆತ್ತಿ ದಾಟಿ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಆಗ ನಡುಮಧ್ಯಾಹ್ನದ ಬಿಸಿಲು ಉತ್ತರದ ಮುಖವನ್ನು ಸವರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ, ಅಂದರೆ ನಾವು ಆರಾಮಾಗಿ ನಡೆಯಬಹುದಾದ ಅಷ್ಟೂ ತಿಂಗಳು, ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲೇ ಬೀಳುವುದಿಲ್ಲ.

ನನ್ನ ಹುಣಸೆಮರದ ಕಲ್ಲು ಇಂಥದ್ದೇ. ಅದಕ್ಕೆ ಮದ್ದು ಕನ್ನಡಿ. ಸಾಮಾನ್ಯವಾಗಿ ಮನೆಯಲ್ಲಿ ತಲೆ ಬಾಚಲು ಇಡುವ, ಒಂದು ಅಡಿ ಉದ್ದದ, ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ. ಟವೆಲಿನಲ್ಲಿ ಸುತ್ತಿ ಚೀಲದ ಬೆನ್ನಿನ ಕಡೆ ಇಟ್ಟರೆ ಒಡೆಯುವುದಿಲ್ಲ. ನೆರಳಿನ ಆಚೆ, ಐದಾರು ಮೀಟರ್ ದೂರದಲ್ಲಿ, ಕಲ್ಲಿನ ಪಕ್ಕಕ್ಕೆ ಸರಿದು ಬಿಸಿಲಿನಲ್ಲಿ ಒಬ್ಬರು ಅದನ್ನು ಹಿಡಿದು ನಿಲ್ಲಬೇಕು. ಬಿಸಿಲಿನ ಪಟ್ಟಿ ಕಲ್ಲಿನ ಮೈ ಮೇಲೆ ಓರೆಯಾಗಿ ಹಾಯಬೇಕು. ಕಣ್ಣಿಗೆ ಹೊಡೆಯದಂತೆ ಎಚ್ಚರ ಇರಲಿ.

ಟಾರ್ಚೂ ಬೇಕು. ಆದರೆ ಹಗಲಿನಲ್ಲಿ ಸುತ್ತಲಿನ ಬೆಳಕು ಟಾರ್ಚನ್ನು ನುಂಗಿಬಿಡುತ್ತದೆ. ಅದಕ್ಕೇ ಒಂದು ದೊಡ್ಡ ಕಪ್ಪು ಕೊಡೆ. ಬಿಸಿಲಿಗೂ ಆಯಿತು, ಮಳೆಗೂ ಆಯಿತು, ಕಲ್ಲಿನ ಮುಂದೆ ಬಿಚ್ಚಿ ಹಿಡಿದು ಮೇಲೊಂದು ಪಂಚೆ ಹೊದಿಸಿದರೆ ಟಾರ್ಚಿಗೆ ಬೇಕಾದಷ್ಟು ಕತ್ತಲೆಯೂ ಆಯಿತು.

ನೀರು ಚಿಮುಕಿಸುವ ಸಣ್ಣ ಸ್ಪ್ರೇ ಬಾಟಲಿ, ಮೆತ್ತನೆಯ ಬಣ್ಣದ ಬ್ರಷ್ ಇಟ್ಟುಕೊಳ್ಳಿ. ಬ್ರಷ್ ಧೂಳು, ಒಣಗಿದ ಎಲೆ, ಜೇಡರ ಬಲೆ ತೆಗೆಯುವುದಕ್ಕೆ ಮಾತ್ರ. ಬರೀ ನೀರು ಚಿಮುಕಿಸಿ ಎರಡು ನಿಮಿಷ ಕಾದರೆ ಮೇಲ್ಮೈ ಮೊದಲು ಒಣಗುತ್ತದೆ, ಗೀರಿನೊಳಗಿನ ತೇವ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಒಂದೆರಡು ನಿಮಿಷದಲ್ಲಿ ಕೆಲವು ಅಕ್ಷರಗಳು ತಾವಾಗಿಯೇ ಮೇಲೆ ಬರುತ್ತವೆ.

ಅಳತೆ, ಫೋಟೊ, ಟಿಪ್ಪಣಿ

ಐದು ಮೀಟರ್ ಟೇಪು, ಫೋಟೊದಲ್ಲಿ ಇಡಲು ಕಪ್ಪು-ಬಿಳುಪು ಪಟ್ಟಿಯ 10 ಸೆಂಟಿಮೀಟರ್ ಸ್ಕೇಲು, ಗಟ್ಟಿ ರಟ್ಟಿನ ಟಿಪ್ಪಣಿ ಪುಸ್ತಕ, ಎರಡು ಪೆನ್ಸಿಲ್. ಪೆನ್ಸಿಲ್ ಯಾಕೆ ಅಂದರೆ ಬೆವರು ಬಿದ್ದರೂ ಅಳಿಸಿಹೋಗುವುದಿಲ್ಲ. ಫೋನಿಗೆ ಪವರ್ ಬ್ಯಾಂಕ್. ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಫೋಟೊ ತೆಗೆಯುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಸುತ್ತಲಿನ ಜಾಗ ಸೇರಿ ಕಲ್ಲು. ಆಮೇಲೆ ಸ್ಕೇಲು ಇಟ್ಟು ಕಲ್ಲಿನ ನಾಲ್ಕೂ ಮುಖ, ಏಕೆಂದರೆ ಎಷ್ಟೋ ಶಾಸನ ಪಕ್ಕದ ಅಂಚಿಗೆ, ಹಿಂಬದಿಗೆ ಮುಂದುವರಿದಿರುತ್ತವೆ. ಆಮೇಲೆ ಸಾಲು ಸಾಲಾಗಿ, ಒಂದು ಫೋಟೊದ ಮೂರನೇ ಒಂದು ಭಾಗವಾದರೂ ಮುಂದಿನದರಲ್ಲಿ ಬರುವ ಹಾಗೆ. ಕೊನೆಗೆ ಅನುಮಾನದ ಅಕ್ಷರಗಳನ್ನು ನಾಲ್ಕು ದಿಕ್ಕಿನ ಬೆಳಕಿನಲ್ಲಿ. ಫೋಟೊಗಳಿಂದ 3ಡಿ ಮಾದರಿ ಮಾಡುವ ಆಸೆ ಇದ್ದರೆ ಕಲ್ಲಿನ ಸುತ್ತ ನಿಧಾನವಾಗಿ ಸರಿಯುತ್ತಾ, ಇನ್ನೂ ಹೆಚ್ಚು ಒಂದರ ಮೇಲೊಂದು ಬರುವಂತೆ ತೆಗೆಯಿರಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ. ಕಲ್ಲನ್ನು ಮುಟ್ಟದೆ, ಕಂಪ್ಯೂಟರಿನಲ್ಲಿ ಬೆಳಕಿನ ದಿಕ್ಕು ಬದಲಿಸಿ ಓದಲು ಬರುತ್ತದೆ ಅನ್ನುವುದು ಅದರ ದೊಡ್ಡ ಲಾಭ. ನಮ್ಮ ಫೋನು ಅಷ್ಟು ನಿಖರ ಅಲ್ಲ, ಆದರೆ ತತ್ವ ಅದೇ.

ಟಿಪ್ಪಣಿ ಪುಸ್ತಕದ ಹಿಂದಿನ ರಟ್ಟಿಗೆ ಅರವತ್ತು ಸಂವತ್ಸರಗಳ ಪಟ್ಟಿ ಅಂಟಿಸಿಕೊಳ್ಳಿ. ತೂಕ ಇಲ್ಲ, ಕಾಸಿನ ಖರ್ಚಿಲ್ಲ, ಆದರೆ ಕಲ್ಲಿನ ಮುಂದೆ ನಿಂತಾಗಲೇ ನಮ್ಮ ಓದನ್ನು ಪರೀಕ್ಷೆ ಮಾಡುವ ಉಪಕರಣ ಅದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆ ಬಂದರೆ ಅಕ್ಷಯ. ಶಕ 1945 ತೆಗೆದುಕೊಳ್ಳಿ. 12 ಕೂಡಿಸಿದರೆ 1957, ಶೇಷ 37, ಶೋಭಕೃತ್. 2023ರ ಯುಗಾದಿಯ ಪಂಚಾಂಗ ತೆಗೆದು ನೋಡಿದರೆ ಅದೇ ಸಂವತ್ಸರ ಇರುತ್ತದೆ. ಶಾಸನಗಳಲ್ಲಿ ಒಂದು ವರ್ಷದ ವ್ಯತ್ಯಾಸ ಸಾಮಾನ್ಯ, ಗತವರ್ಷ ಎಣಿಸಿದ್ದಾರೋ ನಡೆಯುತ್ತಿರುವ ವರ್ಷವೋ ಅನ್ನುವುದರಿಂದ ಅದು ಬರುತ್ತದೆ. ಎರಡು ಮೂರು ವರ್ಷ ವ್ಯತ್ಯಾಸ ಬಂದರೆ ಕಲ್ಲು ಕೆತ್ತಿದವನನ್ನು ದೂರುವ ಮುಂಚೆ ಅಂಕಿಯನ್ನು ಇನ್ನೊಂದು ಸಲ ನೋಡಬೇಕು.

ನಾನು ನೋಡಿರಲಿಲ್ಲ. ಆಗ ಆ ಪಟ್ಟಿ ನನ್ನ ಹತ್ತಿರ ಇದ್ದದ್ದು ಮನೆಯಲ್ಲಿ. ತಾಳೆ ಬರಲಿಲ್ಲ ಅಂತ ಗೊತ್ತಾಗುವಾಗ ನನ್ನ ಎದುರು ಇದ್ದದ್ದು ಕಲ್ಲಲ್ಲ, ನಾನೇ ಸೀಮೆಸುಣ್ಣ ಎಳೆದ ಫೋಟೊ.

ಎರಡು ಚಳಿಗಾಲದ ಹಿಂದೆ ಅಲ್ಲಿಗೆ ಮತ್ತೆ ಹೋದಾಗ ಕನ್ನಡಿ ಇತ್ತು. ಕುರಿ ಬಿಟ್ಟುಕೊಂಡು ಬಂದಿದ್ದ ಒಬ್ಬ ಹುಡುಗ ಅದನ್ನು ಹಿಡಿದುಕೊಂಡು ಹೇಳಿದ ಕಡೆಗೆಲ್ಲ ಬಿಸಿಲು ತಿರುಗಿಸಿದ. ಕನ್ನಡದ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಬಹುಪಾಲು ಬಾಲದ ತಿರುವಿನಲ್ಲಿ. ಬಲಗಡೆಯಿಂದ ಬೆಳಕು ಹಾಯಿಸಿದಾಗ ನಾನು ಮೊದಲು ಓದಿದ್ದ ೯ ಹಾಗೇ ಕಂಡಿತು. ಎಡಗಡೆಯಿಂದ, ಆಮೇಲೆ ಕೆಳಗಡೆಯಿಂದ ಹಾಯಿಸಿದಾಗ ನಾನು ಬಾಲ ಅಂದುಕೊಂಡದ್ದು ಹರಳು ಉದುರಿದ ಗುಳಿ ಅಂತಾಯಿತು. ನಿಜವಾದ ಬಾಲ ತೆಳ್ಳಗೆ ಇನ್ನೊಂದು ಕಡೆ ಇತ್ತು. ಆ ಗುಳಿಗೂ ಅಂಕಿಗೂ ನಡುವೆ ಗೆರೆ ಎಳೆದು ಸೇರಿಸಿದ್ದು ನನ್ನ ಸೀಮೆಸುಣ್ಣ.

ಶಕ ೧೪೪೬. 12 ಕೂಡಿಸಿದರೆ 1458, ಶೇಷ 18, ತಾರಣ. ಕ್ರಿ.ಶ. 1524–25. ಲೆಕ್ಕ ಸರಿಯಾಗಿತ್ತು. 1449 ಅಂದರೂ 1446 ಅಂದರೂ ಎರಡೂ ಕೃಷ್ಣದೇವರಾಯನ ಆಳ್ವಿಕೆಯ ಒಳಗೇ ಬೀಳುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಬಿಸಿಲಿನಲ್ಲಿ ಕೂತು ಅಷ್ಟು ಜೋಪಾನವಾಗಿ ವರ್ಷ, ಸಂವತ್ಸರ ಎರಡನ್ನೂ ಕಂಡರಿಸಿದವನ ಮೇಲೆ, ಐನೂರು ವರ್ಷ ಆದಮೇಲೆ, ನಾನು ತಪ್ಪು ಹೊರಿಸಿದ್ದೆ.

ಚೀಲದಲ್ಲಿ ಇರಬಾರದ್ದು

ಆದ್ದರಿಂದ ಈ ಪಟ್ಟಿ ನನಗೆ ಮೊದಲನೆಯದಕ್ಕಿಂತ ಮುಖ್ಯ.

ಸೀಮೆಸುಣ್ಣ, ಇದ್ದಿಲು, ಬಣ್ಣದ ಪೆನ್ಸಿಲ್. ಇವು ಕಲ್ಲಿನಲ್ಲಿ ಇರುವುದನ್ನು ತೋರಿಸುವುದಿಲ್ಲ, ನಾವು ಇದೆ ಅಂದುಕೊಂಡದ್ದನ್ನು ತೋರಿಸುತ್ತವೆ. ಆಮೇಲೆ ಬರುವ ಯಾರಿಗೂ ಆ ಫೋಟೊದಿಂದ ಬೇರೆ ಓದು ಸಾಧ್ಯವಿಲ್ಲ.

ಮೈದಾಹಿಟ್ಟು, ರಂಗೋಲಿ ಪುಡಿ. ಇದು ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ, ಬಳಸುವವರಲ್ಲಿ ಒಳ್ಳೆಯ ವಿದ್ವಾಂಸರೂ ಇದ್ದಾರೆ. ಪುಡಿ ಸವರಿ ಒರೆಸಿದರೆ ಗೀರಿನಲ್ಲಿ ಬಿಳುಪು ಉಳಿಯುತ್ತದೆ, ನಿಜ. ಆದರೆ ಗೀರಿನಲ್ಲಿ ಉಳಿಯುವ ಹಾಗೆಯೇ ಪ್ರತಿ ಗುಳಿಯಲ್ಲೂ ಉಳಿಯುತ್ತದೆ. ಹಿಟ್ಟು ತೇವಕ್ಕೆ ಹುಳಿತು ಬೂಷ್ಟು ಕಟ್ಟುತ್ತದೆ, ಇರುವೆ ಬರುತ್ತವೆ. ಕನ್ನಡಿಯಲ್ಲಿ ಆಗುವ ಕೆಲಸಕ್ಕೆ ಹಿಟ್ಟು ಯಾಕೆ?

ತಂತಿ ಬ್ರಷ್, ಉಪ್ಪುಕಾಗದ, ಆಸಿಡ್, ಸೋಪಿನ ಪುಡಿ. ಕಲ್ಲುಹೂವು ಅಂಟಿಕೊಂಡಿದ್ದರೆ ಹಾಗೇ ಬಿಡಿ. ಕೆರೆದರೆ ಅದರ ಜೊತೆ ಕಲ್ಲಿನ ಹರಳೂ ಎದ್ದು ಬರುತ್ತದೆ.

ಪಡಿಯಚ್ಚು ತೆಗೆಯುವ ಸಾಮಾನು. ಒದ್ದೆ ಕಾಗದವನ್ನು ಕಲ್ಲಿಗೆ ಬ್ರಷ್ಷಿನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಈ ವಿಧಾನ ಶಾಸನಶಾಸ್ತ್ರದ ಬೆನ್ನೆಲುಬು. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೆಲಸ ನಿಂತಿರುವುದೇ ಅದರ ಮೇಲೆ. ಆದರೆ ಕಲಿಯದ ಕೈಯಲ್ಲಿ ಕಾಗದ ಹರಿದು ಮಸಿ ಕಲ್ಲಿಗೇ ಇಳಿಯುತ್ತದೆ. ಗೊತ್ತಿರುವವರ ಹತ್ತಿರ ಕಲಿತ ಮೇಲೆ, ಅನುಮತಿ ಇದ್ದರೆ ಮಾತ್ರ ಮಾಡಬೇಕಾದ್ದು.

ಗುದ್ದಲಿ, ಹಾರೆ, ಸಲಿಕೆ. ಕಲ್ಲಿನ ಕೆಳಗಿನ ನಾಲ್ಕು ಸಾಲು ಮಣ್ಣಿನಲ್ಲಿ ಹೂತಿದೆ ಅಂತ ಆಸೆ ಆಗುತ್ತದೆ, ನನಗೂ ಆಗಿದೆ. ಅಗೆಯಬೇಡಿ. ಬುಡ ಸಡಿಲವಾಗಿ ಕಲ್ಲು ಬೀಳಬಹುದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ.

ಊರಿನವರ ಮುಂದೆ

'ಏನ್ ಸಾರ್, ನಿಧಿ ಹುಡ್ಕಕ್ ಬಂದ್ರಾ?'

ಹೊಸ ಊರಿನಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಇದೇ. ಕೇಳುವುದರಲ್ಲಿ ತಪ್ಪಿಲ್ಲ. ಅಕ್ಷರ ಇರುವ ಕಲ್ಲಿನ ಕೆಳಗೆ ಕೊಪ್ಪರಿಗೆ ಇದೆ, ಅಕ್ಷರ ಅದರ ಗುಟ್ಟು ಹೇಳುತ್ತದೆ ಅನ್ನುವ ನಂಬಿಕೆಗೆ ವೀರಗಲ್ಲುಗಳು ಒಡೆದು ಹೋಗಿವೆ, ಹಳೇ ಗುಡಿಗಳ ಗರ್ಭಗುಡಿಯಲ್ಲೇ ಗುಂಡಿ ಬಿದ್ದಿದೆ. ನಿಧಿಗಳ್ಳರು ಬರುವುದೂ ನಮ್ಮ ಹಾಗೆಯೇ: ಹೊರಗಿನವರು, ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು. ಚೀಲದಿಂದ ಒಂದು ಪುಟ್ಟ ಸಲಿಕೆ ಹೊರಗೆ ಬಂದರೆ ಉಳಿದದ್ದನ್ನು ಯಾರಿಗೂ ವಿವರಿಸುವುದಕ್ಕೆ ಆಗುವುದಿಲ್ಲ.

ರೈಸ್ ಪುಟದ ಪ್ರಿಂಟು ಕೆಲಸಕ್ಕೆ ಬರುವುದು ಇಲ್ಲಿ. ಅರಳಿಕಟ್ಟೆಯ ಮೇಲೆ ಕೂತ ಹಿರಿಯರ ಪಕ್ಕ ಕೂತು, 'ನೋಡಿ ತಾತ, 1905ರಲ್ಲೇ ನಿಮ್ಮೂರಿನ ಕಲ್ಲು ಪುಸ್ತಕದಲ್ಲಿ ಅಚ್ಚಾಗಿದೆ, ಇದು ಊರ ಹೆಸರು' ಅಂತ ತೋರಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅದರಲ್ಲಿ ಗುಟ್ಟಿಲ್ಲ, ಯಾರೋ ಕೆರೆಗೆ ಭೂಮಿ ಬಿಟ್ಟದ್ದು, ಯಾರೋ ದನ ಬಿಡಿಸಲು ಹೋಗಿ ಸತ್ತದ್ದು ಇದೆ ಅಂತ ಓದಿ ಹೇಳಬೇಕು. ಈ ಗಡಿಸೀಮೆಯಲ್ಲಿ ಮನೆಮಾತು ಎಷ್ಟೋ ಕಡೆ ತೆಲುಗು. 'ಶಾಸನ ಎಲ್ಲಿದೆ' ಅಂದರೆ ತಲೆ ಅಲ್ಲಾಡಿಸುವವರು 'ಅಕ್ಷರಾಲ ರಾಯಿ' ಅಂದ ತಕ್ಷಣ ಎದ್ದು ದಾರಿ ತೋರಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಇನ್ನೊಂದು ಕಲ್ಲನ್ನೂ ತೋರಿಸಬಹುದು.

ಪೂಜೆಯಲ್ಲಿರುವ ಕಲ್ಲಾದರೆ ಚಪ್ಪಲಿ ಬಿಟ್ಟು ಹೋಗಿ. ಅರಿಶಿನ ಕುಂಕುಮ ಒರೆಸಬೇಡಿ. ಮಾಸ್ತಿಕಲ್ಲು ಅವರಿಗೆ ಮಾಸ್ತಮ್ಮ, ನಮಗೆ ಮಾತ್ರ ಅದು ಪುರಾವೆ. ಎಣ್ಣೆ, ಸುಣ್ಣ, ಪೇಂಟು ಬಳಿದು ಅಕ್ಷರ ಮುಚ್ಚಿಹೋಗಿದ್ದರೂ ಜಗಳ ಬೇಡ. ಓದಿ ಹೇಳಿದ ಮೇಲೆ ಎಷ್ಟೋ ಕಡೆ ಅವರೇ 'ಹಂಗಾದ್ರೆ ಇನ್ನ್ಮೇಲೆ ಬಳಿಯಲ್ಲ ಬಿಡಿ' ಅಂದಿದ್ದಾರೆ.

ಜಾಗದ ಗುರುತನ್ನು ಜಿಪಿಎಸ್‌ನಲ್ಲಿ ತಪ್ಪದೆ ಬರೆದುಕೊಳ್ಳಿ. ರೈಸ್ ಕಾಲದ 'ಇಂಥವರ ಹೊಲ' ಅನ್ನುವ ಗುರುತಿನಿಂದ ನಾವು ಪಡುವ ಪಾಡು ಮುಂದಿನವರಿಗೆ ಬೇಡ. ಆದರೆ ಅದನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಪುರಾತತ್ವ ಇಲಾಖೆಗೆ, ಸಂಶೋಧಕರಿಗೆ, ಗ್ರಾಮ ಪಂಚಾಯಿತಿಗೆ ಕೊಡಿ. ಕಾವಲಿಲ್ಲದ ಜಾಗದಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಊರಿನ ಹೆಸರನ್ನು ನಾನು ಬರೆಯದೆ ಇರುವುದು ಈ ಕಾರಣಕ್ಕೆ. ನೆಲದೊಳಗೆ ಹುದುಗಿದ್ದ ನಾಣ್ಯವೋ ತಾಮ್ರಪಟವೋ ಯಾರ ಕೈಗಾದರೂ ಸಿಕ್ಕಿದ್ದರೆ, 1878ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಲೂ ಹೇಳಿ ಬನ್ನಿ.

ಚೀಲದಲ್ಲಿ ಕೊನೆಯದಾಗಿ ಎರಡು ಖಾಲಿ ಹಾಳೆ ಇರಲಿ. ಹೊರಡುವ ಮುಂಚೆ ಶಾಸನದ ತಾತ್ಪರ್ಯವನ್ನು ಇವತ್ತಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಊರಿನ ಶಾಲೆಗೋ ಪಂಚಾಯಿತಿಗೋ ಕೊಟ್ಟು ಬರಬೇಕು. ಹುಣಸೆಮರದ ಊರಿನ ಶಾಲೆಗೆ ನಾನು ಮೊದಲ ಸಲ ಕೊಟ್ಟಿದ್ದ ಹಾಳೆಯಲ್ಲಿ 1527 ಅಂತ ಇತ್ತು. ನನ್ನ ಸೀಮೆಸುಣ್ಣದ ಫೋಟೊ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ, ಅದನ್ನು ವಾಪಸ್ ಕರೆಸುವುದು ನನ್ನಿಂದ ಆಗುವುದಿಲ್ಲ. ಶಾಲೆಯ ಹಾಳೆಯನ್ನು ಮಾತ್ರ ಬದಲಾಯಿಸಿ ಬಂದೆ. ಈಗ ಅದರಲ್ಲಿ ಶಕ 1446, ತಾರಣ ಸಂವತ್ಸರ, ಕ್ರಿ.ಶ. 1524–25 ಅಂತ ಇದೆ. ಕೆಳಗೆ, 'ಮೊದಲು ಬರೆದದ್ದು ತಪ್ಪು, ಕಲ್ಲಿನಲ್ಲಿ ಸರಿಯಾಗಿಯೇ ಇದೆ' ಅಂತ ಒಂದು ಸಾಲು ಸೇರಿಸಿದ್ದೇನೆ.